ಹುಣಸೆಮರದ ಕೆಳಗಿನ ಮೂರು ಕುರ್ಚಿ

ನಮ್ಮೂರಿನಲ್ಲಿ ಸಂಜೆ ನೆರಳು ಸುತ್ತಿಡದ ಮನೆಗೆ ಹೆಣ್ಣು ಕೊಡುವುದಿಲ್ಲ. ಸೋಮಾರಿಗಳ ಮನೆ ಯಾವುದು ಎಂದು ಬೀದಿಯ ಆ ತುದಿಯಿಂದಲೇ ಗೊತ್ತಾಗುತ್ತದೆ. ನಿನ್ನೆಯ ನೆರಳು, ಮೊನ್ನೆಯ ನೆರಳು ಅಂಗಳದಲ್ಲಿ ಒಂದರ ಮೇಲೊಂದು ಬಿದ್ದು, ಹೊಸಲು ದಾಟಿ ಅಡುಗೆಮನೆಯವರೆಗೂ ಹರಿದಿರುತ್ತದೆ. ಅಂಥ ಮನೆಯಲ್ಲಿ ಹಪ್ಪಳ ಒಣಗುವುದಿಲ್ಲ, ಮೆಣಸಿನಕಾಯಿಗೆ ಬೂಷ್ಟು ಹಿಡಿಯುತ್ತದೆ, ಮಕ್ಕಳು ಹಗಲೆಲ್ಲ ಆಕಳಿಸುತ್ತ ಕೂರುತ್ತವೆ. ಆದ್ದರಿಂದ ಹೊತ್ತು ಮುಳುಗುವ ಮುಂಚೆ ಹೆಂಗಸರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮರದ ಬುಡದಿಂದ ಶುರುಮಾಡಿ, ನೆರಳನ್ನು ಚಾಪೆ ಸುತ್ತಿದ ಹಾಗೆ ಸುತ್ತುತ್ತ ಬರುತ್ತಾರೆ. ಹಲಸಿನ ನೆರಳು ದಪ್ಪ, ಇಬ್ಬರು ಬೇಕು. ನುಗ್ಗೆಯದು ಬರೀ ತೂತು, ಎಳೆದರೆ ಹರಿದುಹೋಗುತ್ತದೆ. ಹುಣಸೆಯದನ್ನು ಸುತ್ತಿದ ದಿನ ತಲೆ ಭಾರ. ಈ ಕೆಲಸವನ್ನು ನಾನು ನಲವತ್ತು ವರ್ಷ ಮಾಡಿದ್ದೇನೆ, ನನ್ನ ಬೆನ್ನು ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಸುತ್ತಿದ್ದನ್ನು ಏನು ಮಾಡುವುದು? ನಮ್ಮಜ್ಜಿಯ ಕಾಲದಲ್ಲಿ ಕೆರೆಗೆ ಎಸೆಯುತ್ತಿದ್ದರಂತೆ. ಕೆರೆ ಕಪ್ಪಗಾಗಿ ಮೀನುಗಳೆಲ್ಲ ಕುರುಡಾದವು. ಆಮೇಲೆ ಯಾರೋ ಪುಣ್ಯಾತ್ಮರು ಉಪ್ಪಿನ ಬಯಲಿನ ಮಾತೆತ್ತಿದರು. ಅದು ನಮ್ಮ ಸೀಮೆಯಲ್ಲ, ನಮ್ಮ ಭಾಷೆಯ ಜನವೂ ಅಲ್ಲ. ಗಾಡಿಯಲ್ಲಿ ನಾಲ್ಕು ದಿನದ ದಾರಿ. ಅಲ್ಲಿ ಒಂದು ಮರವಿಲ್ಲ. ಬಟ್ಟೆ ಕಟ್ಟಿದರೂ ಪ್ರಯೋಜನವಿಲ್ಲ, ಬಿಸಿಲು ನೆಲದಿಂದಲೇ ಮೇಲೇಳುತ್ತದೆ. ನಮ್ಮ ನೆರಳನ್ನು ಅಲ್ಲಿ ನೆಲದ ಮೇಲೆ ಹಾಸಿಕೊಂಡರೆ ಮಾತ್ರ ಮನುಷ್ಯರು ಮಲಗಬಹುದು. ಹೀಗೆ ಪಟ್ಟಣಸಭೆಯವರು ಒಂದು ಕಳಿಸುವ ಮನೆ ಕಟ್ಟಿಸಿದರು, ಅಲ್ಲಿಂದ ಬರುವ ಗಾಡಿಗೆ ಬಾಡಿಗೆ, ಎತ್ತಿಗೆ ಮೇವು, ಹೆಂಗಸರಿಗೆ ಕೂಲಿ ಎಲ್ಲ ಊರಿನ ತೆರಿಗೆಯಿಂದಲೇ ಆಗಬೇಕೆಂದು ಗೊತ್ತುಮಾಡಿದರು. ವರ್ಷಕ್ಕೊಮ್ಮೆ, ಬೇಸಗೆಯ ಮುಂಚೆ, ಮುನ್ನೂರು ಸುರುಳಿ ಹೋಗಬೇಕು. ಗಂಡ ತೀರಿಕೊಂಡ ವರ್ಷ ನಾನು ಆ ಮನೆಗೆ ಕೆಲಸಕ್ಕೆ ಸೇರಿದೆ, ಆಮೇಲೆ ಅದರ ಮೇಲ್ವಿಚಾರಕಿಯೂ ಆದೆ.

ಪ್ರತಿವರ್ಷ ಸುರುಳಿಗಳನ್ನು ತೆಗೆದುಕೊಂಡು ಹೋಗಲು ಬರುತ್ತಿದ್ದವಳು ಜೀವೂಬಾಯಿ. ಅಲ್ಲಿಯ ಸೂಲಗಿತ್ತಿ, ಕಡ್ಡಿಯಂಥ ಹೆಂಗಸು. ಉಪ್ಪಿನಲ್ಲಿ ನಡೆದು ನಡೆದು ಅವಳ ಪಾದ ಬಿಳಿಚಿ ಹೋಗಿತ್ತು. ಅವಳ ಭಾಷೆ ನನಗೆ ಅರ್ಧ ಬರುತ್ತಿತ್ತು, ನನ್ನದು ಅವಳಿಗೆ ಕಾಲು ಬರುತ್ತಿತ್ತು, ಉಳಿದದ್ದನ್ನು ನಾವಿಬ್ಬರೂ ಎಲೆಯಡಿಕೆಯಲ್ಲಿ ಮುಗಿಸುತ್ತಿದ್ದೆವು. ಅವಳು ಒಯ್ದ ಸುರುಳಿಯಲ್ಲಿ ಮೊದಲ ಪಾಲು ಬಾಣಂತಿಯರಿಗೆ. ನೆರಳಿಲ್ಲದ ಕಡೆ ಹೆರಿಗೆಯಾದರೆ ಏನಾಗುತ್ತದೆ ಎನ್ನುವುದನ್ನು ಅವಳು ಒಂದೇ ಸಲ ನನಗೆ ಹೇಳಿದ್ದಳು. ಎರಡನೆಯ ಸಲ ಕೇಳುವ ಧೈರ್ಯ ನನಗೆ ಬರಲಿಲ್ಲ.

ಇನ್ನು ನಮ್ಮ ಕೋರ್ಟಿನ ವಿಷಯ ಹೇಳಬೇಕು. ಊರಿನಲ್ಲಿ ಇರುವುದು ಎರಡೇ ಪಕ್ಷ, ಗಂಟೆಯವರು ಮತ್ತು ಏಣಿಯವರು. ಕೋರ್ಟು ನಡೆಯುವುದು ಬಯಲಿನಲ್ಲಿ. ಈ ಕಡೆ ಒಂದು ಆಲದಮರ, ಆ ಕಡೆ ಒಂದು ಹುಣಸೆಮರ, ನಡುವೆ ಹನ್ನೆರಡು ಹೆಜ್ಜೆಯಷ್ಟು ಬಿಸಿಲು. ನ್ಯಾಯಾಧೀಶರು ಐವರು. ಗಂಟೆಯವರು ನೇಮಿಸಿದವರ ಕುರ್ಚಿ ಆಲದ ಕೆಳಗೆ, ಏಣಿಯವರು ನೇಮಿಸಿದವರ ಕುರ್ಚಿ ಹುಣಸೆಯ ಕೆಳಗೆ. ಒಂದು ಸಲ ಹಾಕಿದ ಕುರ್ಚಿಯನ್ನು ಅದರಲ್ಲಿ ಕೂತವರು ಇರುವವರೆಗೆ ಸರಿಸುವ ಹಾಗಿಲ್ಲ. ಊರಿನ ಎಲ್ಲ ನೆರಳನ್ನೂ ದಿನಾ ಸುತ್ತುತ್ತಾರೆ, ಕೋರ್ಟಿನ ನೆರಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅದು ನೂರು ವರ್ಷದಿಂದ ಪದರ ಪದರವಾಗಿ ಬಿದ್ದು ಮೊಳದಷ್ಟು ದಪ್ಪವಾಗಿತ್ತು. ಅದರೊಳಗೆ ಕೂತವರಿಗೆ ಆಚೆ ಮರದ ಕಡೆ ನಿಂತು ಆಡಿದ ಮಾತು ಬಾವಿಯ ತಳದಿಂದ ಬಂದ ಹಾಗೆ ಗುಂಯ್‌ಗುಡುತ್ತಿತ್ತಂತೆ. ಜನ ಇದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ದಾವೆ ಹಾಕುವ ಮುಂಚೆ ಹೋಗಿ ಕುರ್ಚಿ ಎಣಿಸಿ ಬರುತ್ತಿದ್ದರು. ಆಲದ ಕೆಳಗೆ ಮೂರಿದ್ದರೆ ಗಂಟೆಯವರ ದಾವೆಗಳೆಲ್ಲ ಆ ವರ್ಷವೇ ಬರುತ್ತಿದ್ದವು, ಹುಣಸೆಯ ಕೆಳಗೆ ಮೂರಿದ್ದರೆ ಏಣಿಯವರದು. ವಕೀಲರೂ ಅಷ್ಟೆ, ಎರಡು ಮಾತಾಡಿ ಕರೀಕೋಟು ಬಿಚ್ಚಿ ಬೀಸಿಕೊಳ್ಳುತ್ತ ಕೂರುತ್ತಿದ್ದರು.

ಹುಣಸೆಯ ಕೆಳಗಿನ ಮೂರನೆಯ ಕುರ್ಚಿ ನನ್ನ ಅಣ್ಣ ಚಲುವಯ್ಯನದು. ನಮ್ಮಪ್ಪ ಏಣಿಯವರ ಬಾವುಟ ಹೊತ್ತು ಹೊತ್ತು ಹೆಗಲು ಸವೆಸಿಕೊಂಡವನು, ಆ ಋಣಕ್ಕೆ ಅವರು ಅಣ್ಣನಿಗೆ ಕುರ್ಚಿ ಕೊಟ್ಟರು. ಅತ್ತಿಗೆ ಹೋದಮೇಲೆ ನಾನು ಅವನ ಮನೆಯಲ್ಲೇ ಇದ್ದೇನೆ. ಇರುವೆ ಸಾಲು ಕಂಡರೆ ಬಳಸಿಕೊಂಡು ಹೋಗುವ ಜೀವ ಅಣ್ಣನದು. ತೀರ್ಪಿನ ವಿಷಯ ಮನೆಯಲ್ಲಿ ಆಡುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಯಾರಾದರೂ ಬೀದಿಯಲ್ಲಿ ಅವನನ್ನು ಆಡಿಕೊಂಡರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ನಮ್ಮಣ್ಣ ಕೆಟ್ಟವನಲ್ಲ, ಆ ನೆರಳಿನಲ್ಲಿ ಅವನಿಗೆ ಕೇಳಿಸುವುದಿಲ್ಲ ಅಷ್ಟೆ ಎನ್ನುತ್ತಿದ್ದೆ. ಇದನ್ನು ನಾನು ದೇವರನ್ನು ನಂಬಿದಷ್ಟೇ ನಂಬಿದ್ದೆ.

ಆ ವರ್ಷ ಪಟ್ಟಣಸಭೆ ಏಣಿಯವರ ಕೈಗೆ ಬಂತು. ಹೊಸ ಅಧ್ಯಕ್ಷ ಬೋರಲಿಂಗಪ್ಪ ಮೊದಲ ವಾರದಲ್ಲೇ ತಮಟೆ ಹೊಡೆಸಿದ. ಊರಿನ ನೆರಳು ಊರಿಗೇ. ಪರದೇಶದವರಿಗೆ ಕಳಿಸಲು ಊರ ಜನ ಬೆವರು ಹರಿಸಿ ಕಟ್ಟಿದ ತೆರಿಗೆ ಖರ್ಚಾಗಕೂಡದು. ಮನೆ, ಬೀದಿ, ತೋಪುಗಳಿಂದ ಸುತ್ತಿದ ಯಾವ ಸುರುಳಿಯೂ ಊರಬಾಗಿಲು ದಾಟಕೂಡದು. ಅವನ ಮಾತಿನಲ್ಲಿ ಹುರುಳೇ ಇರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ನಮ್ಮೂರಿನ ಕಲ್ಲುಕ್ವಾರಿಯಲ್ಲಿ ಬಂಡೆ ಒಡೆಯುವವರು ನೆತ್ತಿ ಸುಟ್ಟುಕೊಂಡೇ ದುಡಿಯುತ್ತಾರೆ. ಅವರಿಗೆ ಮೊದಲು ಕೊಡಿ ಎಂದರೆ ಬೇಡ ಎನ್ನಲು ನಾನ್ಯಾರು? ಆದರೆ ಕ್ವಾರಿಗೆ ಒಂದು ಸುರುಳಿಯನ್ನೂ ಅವನು ಕಳಿಸಲಿಲ್ಲ. ಹಿಂದಿನ ಸಭೆ ಒಪ್ಪಿಗೆ ಕೊಟ್ಟು, ನಾವು ಆರು ತಿಂಗಳು ಸುತ್ತಿ, ಹುರಿ ಕಟ್ಟಿ ಜೋಡಿಸಿಟ್ಟಿದ್ದ ಮುನ್ನೂರು ಸುರುಳಿಗೂ ಕಳಿಸುವ ಮನೆಯಲ್ಲೇ ಬೀಗ ಬಿತ್ತು.

ತಮಟೆ ಹೊಡೆದ ಮೂರನೆಯ ದಿನ ಜೀವೂಬಾಯಿ ಐದು ಗಾಡಿಗಳ ಸಮೇತ ಬಂದಿಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಗುತ್ತಲೇ ಬಂದಳು, ಬಂದವಳೇ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮುಂದೆ ಗಾಳಿಯಲ್ಲಿ ದುಂಡಗೆ ಗೀರಿ ತೋರಿಸಿದಳು. ಅವಳ ಒಬ್ಬಳೇ ಮಗಳು ಚೊಚ್ಚಲ ಬಸುರಿ. ಈ ಅಮಾವಾಸ್ಯೆ ಕಳೆದು ಬರುವ ಹುಣ್ಣಿಮೆಯೊಳಗೆ ಹೆರಿಗೆ. ನಾನು ಬೀಗ ತೋರಿಸಿದೆ. ಅವಳು ಬೀಗವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಛತ್ರದ ಜಗಲಿಯ ಮೇಲೆ ಗಂಟು ಇಳಿಸಿ ಕೂತಳು. ಕಾಯುತ್ತೇನೆ ಎಂದಳು.

ಕಳಿಸುವ ಮನೆಯ ಹೆಂಗಸರೆಲ್ಲ ಸೇರಿ ದಾವೆ ಹಾಕಿದೆವು. ಅರ್ಜಿಯ ಮೇಲೆ ಮೊದಲ ಹೆಬ್ಬೆಟ್ಟು ನನ್ನದು. ವಕೀಲ ಸುಬ್ಬನರಸಿಂಹಯ್ಯನವರು ಅರ್ಜಿ ಬರೆದುಕೊಟ್ಟು, ಅಮ್ಮ, ಕುರ್ಚಿ ಎಣಿಸಿದ್ದೀರಾ ಎಂದು ಕೇಳಿದರು. ಎಣಿಸಿದ್ದೇನೆ ಸ್ವಾಮಿ, ಮೂರನೆಯದು ನಮ್ಮಣ್ಣನದು ಎಂದೆ. ಅವರು ನಶ್ಯ ಏರಿಸಿದರು. ಆ ದಿನದಿಂದ ಮನೆಯಲ್ಲಿ ಅಣ್ಣ ನಾನಿದ್ದ ಕೋಣೆಗೆ ಕೆಮ್ಮಿ ಬರತೊಡಗಿದ. ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಿದ್ದ. ಕೋರ್ಟಿನ ಮಾತು ಮನೆಯಲ್ಲಿ ಆಡಬಾರದು, ಅದು ಅವನ ನಿಯಮ.

ಮೊದಲ ಎರಡು ವಿಚಾರಣೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಮ್ಮ ವಕೀಲರು ಆಲದ ಕಡೆ ನಿಂತು, ಕೊಟ್ಟ ಮಾತಿಗೆ ಬೆಲೆ ಬೇಡವೇ ಎಂದು ಕೂಗಿಕೊಂಡರೆ, ಹುಣಸೆಯ ಕೆಳಗಿನ ಮೂವರೂ ಅರೆಗಣ್ಣು ಮುಚ್ಚಿ ತೂಕಡಿಸುತ್ತಿದ್ದರು. ಬೋರಲಿಂಗಪ್ಪನ ವಕೀಲ ಹುಣಸೆಯ ಕಡೆ ನಿಂತು ಮಾತಾಡಿದಾಗ ಆಲದ ಕೆಳಗಿನ ಇಬ್ಬರು ಕಿವಿಗೆ ಕಡ್ಡಿ ಹಾಕಿಕೊಂಡಿದ್ದರು. ಜೀವೂಬಾಯಿ ನಡುಬಿಸಿಲಿನಲ್ಲಿ ನಿಂತೇ ಇದ್ದಳು. ನಾನು ಅಣ್ಣನನ್ನೇ ನೋಡುತ್ತಿದ್ದೆ. ಅವನ ಮುಖ ಆ ನೆರಳಿನಲ್ಲಿ ಮಸುಕಾಗಿ, ಯಾರದೋ ಮುಖದ ಹಾಗೆ ಕಾಣುತ್ತಿತ್ತು. ವಿಚಾರಣೆ ಅಮಾವಾಸ್ಯೆ ಕಳೆದ ಸೋಮವಾರಕ್ಕೆ ಹೋಯಿತು. ಈ ಕಡೆ ಬೀಗ ಹಾಕಿದ ಮನೆಯ ಬಾಗಿಲ ಸಂದಿಯಿಂದ ಹಸಿ ವಾಸನೆ ಬರತೊಡಗಿತ್ತು. ಸುತ್ತಿದ ನೆರಳನ್ನು ಗಾಳಿಗೆ ಬಿಡದಿದ್ದರೆ ಅದು ಕೊಳೆತು ನೀರಾಗುತ್ತದೆ.

ಉಪಾಯ ಹೊಳೆದದ್ದು ನನಗೇ, ಆಮೇಲಿನದಕ್ಕೆಲ್ಲ ನಾನೇ ಹೊಣೆ. ಅಣ್ಣನಿಗೆ ಕೇಳಿಸುತ್ತಿಲ್ಲ. ಕೇಳಿಸದಿರಲು ಕಾರಣ ಆ ನೆರಳು. ನೆರಳು ಸುತ್ತುವುದು ಬಿಟ್ಟು ನನಗೆ ಬೇರೆ ಯಾವ ವಿದ್ಯೆ ಬರುತ್ತದೆ? ಅಮಾವಾಸ್ಯೆಯ ದಿನ ಕೋರ್ಟಿಗೆ ರಜೆ. ಅವತ್ತು ಮಧ್ಯಾಹ್ನ ಊರೆಲ್ಲ ಹೋಳಿಗೆ ಉಂಡು ಮಲಗಿದ ಹೊತ್ತಿನಲ್ಲಿ, ಸಾಕಮ್ಮನನ್ನೂ ಇನ್ನೂ ಇಪ್ಪತ್ತು ಹೆಂಗಸರನ್ನೂ ಕರೆದುಕೊಂಡು ಕೋರ್ಟಿಗೆ ಹೋದೆ. ಸಾಕಮ್ಮ ನನಗಿಂತ ಹಳೆಯ ಕೆಲಸಗಾರ್ತಿ. ಕೋರ್ಟಿನ ನೆರಳು ಮುಟ್ಟಿದರೆ ಕೈ ಬಿದ್ದುಹೋಗುತ್ತದಂತೆ ಎಂದು ಗೊಣಗುತ್ತಲೇ ಮೊದಲು ಬಗ್ಗಿದವಳು ಅವಳು.

ಅಂಥ ನೆರಳನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅಂಚು ಎತ್ತುವುದಕ್ಕೇ ನಾಲ್ಕು ಜನ ಬೇಕಾಯಿತು. ಒಳಗಿನ ಪದರ ಮಣ್ಣಿನ ಮಡಕೆಯ ಹಾಗೆ ತಣ್ಣಗಿತ್ತು. ಕುರ್ಚಿಗಳನ್ನು ಅಲುಗಿಸದೆ, ಒಂದೊಂದು ಕಾಲಿನ ಕೆಳಗಿಂದ ಮೆಲ್ಲಗೆ ಜಾರಿಸಿ ಸುತ್ತುತ್ತ ಹೋದೆವು. ಸುತ್ತಿದ ಹಾಗೆಲ್ಲ ಅದರೊಳಗಿಂದ ಮಾತು ಉದುರತೊಡಗಿತು. ಆಚೆಗೆ ತಲುಪದೆ ನಡುವೆಯೇ ಸಿಕ್ಕಿಕೊಂಡಿದ್ದ ಮಾತುಗಳು. ಯಾವ ಕಾಲದ ಯಾರೋ ಒಬ್ಬ ಮುದುಕ ಮೆಲುದನಿಯಲ್ಲಿ, ಬದುವಿನ ಕಲ್ಲು ಕಿತ್ತವನು ನಾನಲ್ಲ ಬುದ್ಧಿ ಎಂದ. ಒಬ್ಬಳು ಹೆಂಗಸು ತನ್ನ ಮಗುವಿನ ಹೆಸರನ್ನೇ ಹೇಳುತ್ತಿದ್ದಳು. ಸಾಕಮ್ಮ ಒಂದು ದನಿ ಕೇಳಿ ಅಲ್ಲೇ ಕುಕ್ಕರಿಸಿದಳು. ಇದು ನಮ್ಮಜ್ಜಿ ಕಣಕ್ಕ, ಮನೆ ಹೋದ ದಾವೆಯದು ಎಂದು ಸೆರಗು ಬಾಯಿಗಿಟ್ಟುಕೊಂಡಳು. ಆ ಮಾತುಗಳು ಬಿಸಿಲಿಗೆ ಬಂದು ಒಂದು ಗಳಿಗೆ ನಿಂತು ಕರಗಿಹೋಗುತ್ತಿದ್ದವು. ಹೊತ್ತಿಳಿಯುವ ಮುಂಚೆ ಎರಡು ಭಾರಿ ಸುರುಳಿ ಸಿದ್ಧವಾದವು, ಒಂದು ಆಲದ್ದು, ಒಂದು ಹುಣಸೆಯದು. ಉರುಳಿಸಿಕೊಂಡು ಹೋಗಿ ಕಳಿಸುವ ಮನೆಯ ಹಿತ್ತಿಲಿನ ಸೋಗೆ ಚಪ್ಪರದ ಕೆಳಗೆ ಇಟ್ಟೆವು. ಎಲ್ಲ ಮುಗಿದಮೇಲೆ ತೆಗೆದುಕೊಂಡು ಹೋಗಿ ವಾಪಸು ಹಾಸಿಬಿಡೋಣ ಎಂದೇ ನನ್ನ ಎಣಿಕೆ.

ಸೋಮವಾರ ಬೆಳಿಗ್ಗೆ ನ್ಯಾಯಾಧೀಶರು ಬಂದು, ಕುರ್ಚಿಯ ಕೆಳಗೆ ಬರೀ ನೆಲ ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನಾಗಿದೆ ಎಂದು ಕೇಳುವ ಹಾಗಿಲ್ಲ, ಯಾಕೆಂದರೆ ಹಳೆಯ ನೆರಳು ಇತ್ತು ಎಂದು ಯಾವ ಕಾಗದದಲ್ಲೂ ಇರಲಿಲ್ಲ. ಆ ಬೆಳಗಿನ ತೆಳು ನೆರಳಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂತರು. ಅವತ್ತು ಎಲ್ಲರಿಗೂ ಎಲ್ಲವೂ ಕೇಳಿಸಿತು. ಸುಬ್ಬನರಸಿಂಹಯ್ಯನವರು ಅಭ್ಯಾಸಬಲದಿಂದ ಕೂಗಲು ಹೋಗಿ, ತಮ್ಮ ದನಿಗೆ ತಾವೇ ಬೆಚ್ಚಿ, ತಗ್ಗಿಸಿ ಮಾತಾಡಿದರು. ಆಮೇಲೆ ಜೀವೂಬಾಯಿಯನ್ನು ಕರೆದರು. ಅವಳು ಹೇಳಿದಳು, ನಾನು ನಮ್ಮ ಮಾತಿಗೆ ತಿರುಗಿಸಿದೆ. ದೊಡ್ಡ ಮಾತೇನೂ ಆಡಲಿಲ್ಲ. ಉಪ್ಪಿನ ನೆಲದ ಮೇಲೆ ಮೊದಲು ಏನು ಸುಡುತ್ತದೆ, ಆಮೇಲೆ ಏನು, ಹುಟ್ಟಿದ ಕೂಸನ್ನು ಎಷ್ಟು ಹೊತ್ತು ಕೈಯಲ್ಲೇ ಎತ್ತಿ ಹಿಡಿದಿರಬಹುದು, ಕೈ ಸೋತಾಗ ಏನು ಮಾಡುತ್ತಾರೆ. ಕೊನೆಗೆ ಮಗಳ ಹೆಸರು ಹೇಳಿದಳು. ಹುಣಸೆಯ ಕೆಳಗಿನ ಎಲ್ಲರಿಗಿಂತ ಹಿರಿಯ ನ್ಯಾಯಾಧೀಶರು ವಲ್ಲಿಯಿಂದ ಕಣ್ಣೊರೆಸಿಕೊಂಡರು. ನಮ್ಮಣ್ಣ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಕೇಳಿಸಿತು, ನನ್ನ ಅಣ್ಣನಿಗೆ ಕೊನೆಗೂ ಕೇಳಿಸಿತು ಎಂದು ನನ್ನ ಎದೆ ಹಿಗ್ಗಿತು. ಅವತ್ತು ಮನೆಗೆ ಹೋಗಿ ಅವನಿಗಿಷ್ಟವಾದ ಅವರೆಕಾಳಿನ ಸಾರು ಮಾಡಿದೆ. ಊರಿಗೆ ಊರೇ ನಾವು ಗೆದ್ದೆವು ಎಂದು ಮಾತಾಡಿಕೊಂಡಿತು.

ಮಂಗಳವಾರ ತೀರ್ಪು. ಓದಿದವನು ಅಣ್ಣನೇ. ಪಟ್ಟಣಸಭೆಯ ನೆರಳನ್ನು ಕಳಿಸುವುದೂ ಬಿಡುವುದೂ ಪಟ್ಟಣಸಭೆಗೆ ಸೇರಿದ್ದು, ಹಿಂದಿನ ಸಭೆ ಕೊಟ್ಟ ಮಾತು ಹಿಂದಿನ ಸಭೆಯೊಂದಿಗೇ ಮುಗಿಯಿತು, ದಾವೆ ವಜಾ. ಮೂವರು ಒಂದು ಕಡೆ, ಇಬ್ಬರು ಒಂದು ಕಡೆ. ಕುರ್ಚಿ ಹೇಗಿದ್ದವೋ ಹಾಗೆ. ಓದುವಾಗ ಅವನ ದನಿ ಎಲ್ಲೂ ತಡವರಿಸಲಿಲ್ಲ. ಜೀವೂಬಾಯಿ ನನ್ನ ಮುಖ ನೋಡಿದಳು. ಅವಳಿಗೆ ಏನೆಂದು ತಿರುಗಿಸಿ ಹೇಳಲಿ? ಬೇಡ, ಹೇಳಬೇಡ ಎನ್ನುವ ಹಾಗೆ ಅವಳೇ ನನ್ನ ಬೆನ್ನು ಸವರಿದಳು.

ಅವತ್ತು ಸಂಜೆ ಅವನ ನಿಯಮವನ್ನು ನಾನು ಮುರಿದೆ. ಎಲೆ ಹಾಕಿದೆ, ಬಡಿಸಲಿಲ್ಲ. ಎದುರಿಗೆ ಕೂತೆ.

"ಕೇಳಿಸ್ತು ತಾನೆ ಅಣ್ಣ ನಿನ್ಗೆ? ಅವ್ಳು ಹೇಳಿದ್ದು ಪೂರ್ತಿ ಕೇಳಿಸ್ತು ತಾನೆ?"

ಅವನು ಖಾಲಿ ಎಲೆಯನ್ನು ನೀರಿನಿಂದ ಸವರುತ್ತ ಕೂತ. ಆಮೇಲೆ ಹೇಳಿದ. "ನಂಗೆ ಯಾವತ್ತೂ ಕೇಳಿಸ್ತಾನೇ ಇತ್ತು ಕಣೇ ದೇವೀರಿ. ಕೂತ ಮೊದಲ್ನೇ ದಿನದಿಂದ. ಎಲ್ರುದ್ದೂ ಕೇಳಿಸ್ತಿತ್ತು."

ಆ ಮಾತು ಕೇಳಿ ನನಗಾದ ಸಂಕಟ ನನ್ನ ಗಂಡ ಹೋದಾಗಲೂ ಆಗಿರಲಿಲ್ಲ. ಕಿವುಡನಾಗಿದ್ದರೆ ಕ್ಷಮಿಸಬಹುದಿತ್ತು. ಇಷ್ಟು ವರ್ಷ ಬೀದಿಯಲ್ಲಿ ಅವನ ಪರವಾಗಿ ನಾನು ಮಾಡಿದ ಜಗಳಗಳೆಲ್ಲ ನೆನಪಿಗೆ ಬಂದು ನಾಚಿಕೆಯಿಂದ ಅತ್ತೆ. ಹಾಗಾದರೆ ಯಾಕಣ್ಣ ಎಂದು ಕೇಳಿದೆ. ಆ ಕುರ್ಚಿ ಕೊಟ್ಟವರು ಯಾರು, ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವರು ಯಾರು, ಒಬ್ಬ ಎದ್ದು ಆ ಕಡೆ ಹೋದರೆ ಈ ಕಡೆಯವರು ಇನ್ನೊಂದು ಸಲ ಯಾವ ಮುಖ ಇಟ್ಟುಕೊಂಡು ನಮ್ಮ ಮನೆಗೆ ಬರುತ್ತಾರೆ ಎಂದು ಏನೇನೋ ಹೇಳಿದ. ತೀರ್ಪಿನಲ್ಲಿ ತಪ್ಪು ಹುಡುಕಿ ತೋರಿಸು ನೋಡೋಣ ಎಂದೂ ಹೇಳಿದ. ನನಗೆ ಹುಡುಕಲು ಬರಲಿಲ್ಲ. ಅವನಿಗೆ ಬಡಿಸದೆ ಎದ್ದೆ. ಆ ಮನೆಗೆ ಬಂದಮೇಲೆ ಅದೇ ಮೊದಲ ಸಲ.

ಬುಧವಾರ ಬೆಳಗಾಗುವಾಗ ನನಗೆ ಹಿತ್ತಿಲಿನ ಎರಡು ಸುರುಳಿ ನೆನಪಾದವು. ಬೋರಲಿಂಗಪ್ಪನ ಆಜ್ಞೆಯನ್ನು ಬಾಯಿಪಾಠ ಮಾಡಿದ್ದೆ: ಮನೆ, ಬೀದಿ, ತೋಪು. ಕೋರ್ಟು ಮನೆಯಲ್ಲ, ಬೀದಿಯಲ್ಲ, ತೋಪೂ ಅಲ್ಲ. ವಾಪಸು ಹಾಸುವ ಯೋಚನೆಯನ್ನು ಅಲ್ಲೇ ಬಿಟ್ಟೆ. ಯಾರಿಗಾಗಿ ಹಾಸಬೇಕು? ಮುನ್ನೂರು ಹೋಗದಿದ್ದರೆ ಬೇಡ, ಆ ಹುಡುಗಿಯೊಬ್ಬಳಿಗಾದರೂ, ಅವಳ ಹಿಂದೆ ಇನ್ನೂ ನಾಲ್ಕೈದು ಬಸುರಿಯರಿಗಾದರೂ ಅದು ಸಾಕು. ಸಾಕಮ್ಮನನ್ನು ಎಬ್ಬಿಸಿಕೊಂಡು ಬಂದೆ. ಎರಡು ಗಾಡಿಗೆ ಎರಡು ಸುರುಳಿ ಏರಿಸಿದೆವು, ಎತ್ತುಗಳ ಗೋಣು ಬಗ್ಗಿತು. ಉಳಿದ ಮೂರು ಗಾಡಿ ಖಾಲಿ.

ಊರಬಾಗಿಲಿನಲ್ಲಿ ಕಾವಲಿನ ಮರಿಯಪ್ಪ ಅಡ್ಡಗಟ್ಟಿದ. ಏಣಿಯವರ ಕಡೆಯವನು, ಆದರೆ ಹೆಡ್ಡನಲ್ಲ. ಸುರುಳಿಯನ್ನು ಮೂಸಿ ನೋಡಿ ಇದು ಯಾವ ತೋಪಿನದೂ ಅಲ್ಲ, ಕೋರ್ಟಿನದಿರಬೇಕು ಎಂದ. ಅಷ್ಟರಲ್ಲಿ ಜನ ಸೇರಿತು, ಬೋರಲಿಂಗಪ್ಪನೂ ಹೆಗಲ ಮೇಲೆ ವಲ್ಲಿ ಕೊಡವುತ್ತ ಬಂದ. ಕೋರ್ಟಿನದಾದರೆ ಕೋರ್ಟಿನವರೇ ಹೇಳಲಿ ಎಂದು ಮರಿಯಪ್ಪ ಹಟ ಹಿಡಿದ. ಕೋರ್ಟು ಊರಬಾಗಿಲ ಪಕ್ಕದಲ್ಲೇ ಇದ್ದದ್ದು. ಹೋಗಿ ಸಿಕ್ಕಿದವರನ್ನು ಕರೆತಂದರು. ಸಿಕ್ಕಿದವನು ನಮ್ಮಣ್ಣ. ಹಿಂದಿನ ಸಂಜೆ ಉಂಡಿರಲಿಲ್ಲ, ಬೆಳಿಗ್ಗೆ ಬೇಗ ಹೋಗಿ ಖಾಲಿ ಕೋರ್ಟಿನಲ್ಲಿ ಕೂತಿದ್ದನಂತೆ.

ಅವನು ಬಂದು ಬಿಸಿಲಿನಲ್ಲಿ ನಿಂತ. ಗಾಡಿ ನೋಡಿದ, ಜೀವೂಬಾಯಿಯನ್ನು ನೋಡಿದ, ನನ್ನನ್ನು ನೋಡಲಿಲ್ಲ. ಇದು ಯಾವ ನೆರಳು ಎಂದು ಮರಿಯಪ್ಪ ಕೇಳಿದ. ಅಣ್ಣ ಬಾಯಿ ಬಿಡುವ ಮುಂಚೆ ನಾನೇ ಹೇಳಿಬಿಟ್ಟೆ. ಅವನು ಸುಳ್ಳು ಹೇಳಿ ನನ್ನನ್ನು ಉಳಿಸುವುದೂ ನನಗೆ ಬೇಕಿರಲಿಲ್ಲ, ನಿಜ ಹೇಳಿ ಸಿಕ್ಕಿಸುವುದೂ ಬೇಕಿರಲಿಲ್ಲ.

"ಕೋರ್ಟಿನದೇ ಅಣ್ಣ. ನಿನ್ನ ಕುರ್ಚಿ ಕೆಳಗಿಂದ ನಾನೇ ಸುತ್ತಿದ್ದು. ಈಗ ಹೇಳು, ಹೋಗ್ಬೇಕಾ, ಬೇಡ್ವಾ?"

ಅಲ್ಲಿ ಆಲವೂ ಇರಲಿಲ್ಲ, ಹುಣಸೆಯೂ ಇರಲಿಲ್ಲ. ಅವನು ಹಣೆಯ ಬೆವರನ್ನು ಒರೆಸಿಕೊಳ್ಳದೆ ನಿಂತೇ ಇದ್ದ. ಬೋರಲಿಂಗಪ್ಪ ಎರಡು ಸಲ ಕೆಮ್ಮಿದ. ಕೊನೆಗೆ ಅಣ್ಣ, ತೀರ್ಪು ಓದುವ ಅದೇ ದನಿಯಲ್ಲಿ ಮಾತಾಡಿದ.

"ಕೋರ್ಟಿನ ಸ್ವತ್ತಿನ ವಿಷ್ಯ ಐದು ಜನ ಕೂತು ತೀರ್ಮಾನ ಮಾಡ್ಬೇಕು. ನಾನೊಬ್ನೇ ಇದ್ದೀನಿ. ಐದು ಜನ ಸೇರೋದು ಮುಂದಿನ ಸೋಮವಾರ. ಅಲ್ಲೀವರ್ಗೂ ಗಾಡಿ ಬಿಡಿ ಅನ್ನೋಕೂ ನಂಗೆ ಅಧಿಕಾರ ಇಲ್ಲ, ತಡೀರಿ ಅನ್ನೋಕೂ ಇಲ್ಲ."

ಮರಿಯಪ್ಪ ಅಧ್ಯಕ್ಷನ ಮುಖ ನೋಡಿದ, ಅಧ್ಯಕ್ಷ ಆಕಾಶ ನೋಡಿದ. ತಡೆಯಲು ಆಜ್ಞೆ ಇಲ್ಲವೆಂದಮೇಲೆ ಅಡ್ಡ ಹಾಕಿದ್ದ ಬೊಂಬನ್ನು ಮರಿಯಪ್ಪ ಎತ್ತಿದ. ಗಾಡಿಗಳು ಹೊರಟವು. ಜೀವೂಬಾಯಿ ಹಿಂದಿರುಗಿ ನೋಡದೆ ಎತ್ತಿನ ಪಕ್ಕ ಹೆಚ್ಚುಕಡಿಮೆ ಓಡುತ್ತಲೇ ಹೋದಳು. ಅಣ್ಣ ಕೋರ್ಟಿನ ಕಡೆ ತಿರುಗಿದ.

ಸೋಮವಾರ ಐವರೂ ಕೂತರು. ಕೋರ್ಟಿನ ನೆರಳನ್ನು ತಕ್ಷಣ ಹಿಂದಕ್ಕೆ ತರತಕ್ಕದ್ದು ಎಂದು ತೀರ್ಪಾಯಿತು, ಮೂರಕ್ಕೆ ಎರಡು. ಅಣ್ಣನೂ ಆ ಮೂವರಲ್ಲಿ ಒಬ್ಬ. ತೀರ್ಪು ಹಿಡಿದು ಮರಿಯಪ್ಪ ಖಾಲಿ ಗಾಡಿ ಹೊಡೆದುಕೊಂಡು ಉಪ್ಪಿನ ಬಯಲಿಗೆ ಹೊರಟ. ಆ ಕಡೆ ಬೀಗ ಹಾಕಿದ ಮುನ್ನೂರು ಸುರುಳಿಯೂ ಕೊಳೆತು, ಕಳಿಸುವ ಮನೆಯ ಬಾಗಿಲಿನಿಂದ ಕಪ್ಪು ನೀರು ಹರಿದು ಬೀದಿಗೆ ಬಂತು. ಪಟ್ಟಣಸಭೆಯವರು ಅದನ್ನು ಬಕೆಟ್ಟಿನಲ್ಲಿ ತುಂಬಿ ಕೆರೆಗೆ ಸುರಿದರು. ಕ್ವಾರಿಯವರು ಬಿಸಿಲಿನಲ್ಲೇ ಇದ್ದಾರೆ. ಕೋರ್ಟಿನ ಅಂಗಳವನ್ನು ಈಗ ದಿನಾ ಸಂಜೆ ಗುಡಿಸಿ ಸುತ್ತುತ್ತಾರೆ. ಎಲ್ಲರಿಗೂ ಎಲ್ಲವೂ ಚೆನ್ನಾಗಿ ಕೇಳಿಸುತ್ತದೆ. ಜನ ಮಾತ್ರ ದಾವೆಗೆ ಮುಂಚೆ ಕುರ್ಚಿ ಎಣಿಸುವುದನ್ನು ಬಿಟ್ಟಿಲ್ಲ.

ಮರಿಯಪ್ಪ ಎರಡು ವಾರದ ಮೇಲೆ ಬರಿಗೈಯಲ್ಲಿ ಹಿಂತಿರುಗಿದ. ಬೋರಲಿಂಗಪ್ಪನಿಗೆ ವರದಿ ಒಪ್ಪಿಸುವ ಮುಂಚೆಯೇ ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಬಂದ. ಸುರುಳಿ ಬಿಚ್ಚಿ ಹಾಸಿಬಿಟ್ಟಿದ್ದಾರೆ ಅಮ್ಮ, ಅದರ ಮೇಲೆ ಜೀವೂಬಾಯಿಯ ಮಗಳು, ಹಸಿ ಬಾಣಂತಿ, ಮಲಗಿದ್ದಾಳೆ, ಪಕ್ಕದಲ್ಲಿ ಕೂಸು, ಎಳೆಯಲು ನನಗೆ ಕೈ ಬರಲಿಲ್ಲ ಎಂದ. ಅವನ ಚಪ್ಪಲಿಯ ಹೊಲಿಗೆಯಲ್ಲೆಲ್ಲ ಉಪ್ಪು ಕೂತಿತ್ತು. ನಾನು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ.

ಅಣ್ಣ ನಡುಮನೆಯಲ್ಲಿ ಊಟಕ್ಕೆ ಕೂತಿದ್ದ. ಮೊದಲ ತೀರ್ಪಿನ ಆ ಸಂಜೆಯಿಂದ ನಾವಿಬ್ಬರೂ ಬೇಕು, ಸಾಕು ಎನ್ನುವುದರ ಆಚೆಗೆ ಮಾತಾಡಿರಲಿಲ್ಲ. ಹಿತ್ತಿಲಿನ ಮಾತು ಅವನಿಗೆ ಕೇಳಿಸಿರಲೇಬೇಕು. ಕೇಳಿಸದವನ ಹಾಗೆ ಅನ್ನ ಕಲಸುತ್ತಿದ್ದ. ಕಲಸಿದ್ದನ್ನೇ ಕಲಸುತ್ತಿದ್ದ.

"ಏನು ಮಗುವಂತೆ?" ಎಂದು ಎಲೆ ನೋಡಿಕೊಂಡೇ ಕೇಳಿದ.

"ಹೆಣ್ಣು. ಇಬ್ರೂ ಚೆನ್ನಾಗಿದಾರಂತೆ."

ಅವನು ತುತ್ತು ಎತ್ತಿದ, ಬಾಯಿಗಿಡಲು ಆಗಲಿಲ್ಲ. ಕಣ್ಣಿನ ನೀರು ಧಾರೆಯಾಗಿ ಎಲೆಗೆ ಬೀಳುತ್ತಿತ್ತು. ಆ ವಯಸ್ಸಿನ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

"ತೀರ್ಪು ಸರಿಯಾಗೇ ಇತ್ತು ಕಣೇ," ಎಂದ. "ಎರಡು ತೀರ್ಪೂ ಸರಿಯಾಗೇ ಇದ್ವು."

ಅವನ ಮೇಲಿನ ಸಿಟ್ಟು ನನಗೆ ಹೋಗಿರಲಿಲ್ಲ, ಇವತ್ತಿಗೂ ಹೋಗಿಲ್ಲ. ಆದರೂ ಪಾತ್ರೆ ತಂದು, ಅವನ ಎಲೆಯ ಪಕ್ಕದಲ್ಲೇ ನನಗೂ ಒಂದು ಎಲೆ ಹಾಕಿಕೊಂಡು ಕೂತೆ. ಇರಲಿ ಅಣ್ಣ, ಊಟ ಮಾಡು ಎಂದು ಅವನಿಗೆ ಮೊಸರು ಬಡಿಸಿದೆ.